ಕಾಂಟಾ ಏರಿದ ಕೋಣೆ

ಕಮಲಾಪುರದ ಹಿರಿಯರೊಬ್ಬರ ಹಳೆಯ ಪಿಕಪ್ ಗಾಡಿಯ ಮೇಲೆ ಎತ್ತಿಡಲು ನಮ್ಮ ಕಲಬುರಗಿಯ ವರ್ಕ್‌ಶಾಪಿನಲ್ಲಿ ಒಂದು ತಗಡಿನ ಕೋಣೆ ಕಟ್ಟಿ, ಒಳಗೊಂದು ಕಬ್ಬಿಣದ ಮಂಚ ಕೂರಿಸಿದ್ದೆವು. ಅದರಲ್ಲೇ ಅಡುಗೆ ಮಾಡಿಕೊಂಡು, ಮಲಗಿ, ಹೆಂಡತಿಗೆ ಸಮುದ್ರ ತೋರಿಸಿ ಬರಬೇಕೆಂಬುದು ಅವರ ಆಸೆ. ಗಾಡಿ ಇಷ್ಟು ಭಾರ ತಡೆಯುತ್ತದೆಯೇ ಎಂದು ಅಲ್ಲಿ ಕೇಳಿದವನು ಇಂಜಿನಿಯರಿಂಗ್ ಓದಿದ ನಾನೊಬ್ಬನೇ. ಉಳಿದವರು ನಕ್ಕರು. ಆ ಸಿಟ್ಟಿನಲ್ಲೇ, ಕೋಣೆ ಏರಿಸಿ, ನೀರು ಮತ್ತು ಡೀಸೆಲ್ ತುಂಬಿಸಿ, ಗಾಡಿಯನ್ನು ನೆಹರು ಗಂಜ್ ಮಾರುಕಟ್ಟೆಯಲ್ಲಿ ಲಾರಿಗಳನ್ನು ತೂಗುವ ಕಾಂಟಾಕ್ಕೆ ಒಯ್ಯಿಸಿದೆ.

ಗಾಡಿ ಕಾಂಟಾ ಏರಿದ ಕೂಡಲೇ ದಂಪತಿ ಕೆಳಗಿಳಿದು ನಿಂತರು. ತೂಕ ಆರ್‌ಸಿಯಲ್ಲಿದ್ದ ಮಿತಿಗಿಂತ ಎಂಬತ್ತು ಕಿಲೋ ಕಡಿಮೆ ಬಂತು.

“ನೋಡ್ರಿ ಸಾಹೇಬ್ರ, ಪಾಸ್!” ಎಂದರು ಹಿರಿಯರು.

“ನೀವಿಬ್ರೂ ಹತ್ತಿ ಕೂಡ್ರಿ,” ಎಂದೆ.

“ಕಾಂಟಾದ ಮ್ಯಾಲ ಮಂದಿ ಕೂಡಬಾರದ್ರಿ. ಮೂವತ್ತು ವರ್ಷ ಇಲ್ಲಿಗೆ ತೊಗರಿ ತಂದೀನಿ, ನನಗ ಗೊತ್ತಿಲ್ಲೇನು?”

“ಇದು ತೊಗರಿ ಅಲ್ಲರೀ. ಈ ಕೋಣ್ಯಾಗ ಮಲಗೋರು ನೀವು.”

ಹತ್ತಿದರು. ಮಿತಿಗಿಂತ ನಲವತ್ತೈದು ಕಿಲೋ ಹೆಚ್ಚಾಯಿತು. ಹಿರಿಯರು ಕಿಟಕಿಯಿಂದ ತಲೆ ಹೊರಹಾಕಿದರು.

“ಹಂಗಾದ್ರ ಗಾಡಿ ನಾ ಹೊಡೀತೀನಿ. ಇಕಿ ಹಿಂದ ಬಸ್ಸಿನಾಗ ಬರಲಿ.”

ಒಳಗಿನಿಂದ ಹೆಂಡತಿಯ ದನಿ ಬಂತು: “ಸಮುದ್ರ ನಾ ನೋಡಬೇಕೋ, ಈ ಕಬ್ಬಿಣದ ಮಂಚ ನೋಡಬೇಕೋ? ಮೊದಲ ಇದನ್ನ ಇಳಸ್ರಿ. ನಾ ಚಾಪಿ ಮ್ಯಾಲ ಮಲಗ್ತೀನಿ.”

ಮಂಚ ಇಳಿಸಿದೆವು, ತೂಕ ಮಿತಿಯೊಳಗೆ ಬಂತು. ಗಾಡಿ ಸಮುದ್ರಕ್ಕೆ ಹೋಯಿತು.

ನಾನೇ ನಕ್ಷೆ ಬರೆದು ಮಾಡಿಸಿದ ಆ ಮಂಚ ಈಗ ವರ್ಕ್‌ಶಾಪಿನ ಮೂಲೆಯಲ್ಲಿದೆ. ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಮಲಗುತ್ತೇನೆ. ಅದು ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಮಾತ್ರ ಈವರೆಗೂ ಪರೀಕ್ಷಿಸಿಲ್ಲ.