ಒದ್ದು ನೋಡಿದ ಹಿಮ

ಭಕ್ತ ಬಂಧುಗಳೇ, ನಾನು ಮಾನ್ವಿ ತಾಲ್ಲೂಕಿನ ಕಲ್ಲೂರಿನವನು, ಸೈನ್ಯದಲ್ಲಿದ್ದೇನೆ. ಹೋದ ಚಳಿಗಾಲ ಗಡಿಯ ಹಿಮದ ಠಾಣೆಯಲ್ಲಿ ನನ್ನ ಒಂದು ಮಾತಿಗೆ ಆರು ಜನ ಸಾಯಬೇಕಿತ್ತು. ಸಾಯಲಿಲ್ಲ. ಅದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಮರ್ಯಾದೆ ಉಳಿಯುವುದಿಲ್ಲ, ಉಳಿಯುವುದೂ ಬೇಡ.

ಠಾಣೆಯಲ್ಲಿ ದೇವದುರ್ಗದ ಶರಣಪ್ಪ ಎಂಬವನಿದ್ದ. ಸೈನ್ಯಕ್ಕೆ ಸೇರುವ ಮೊದಲು ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವನು. ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ. ಅಲ್ಲಿ ಕುಡಿಯುವ ನೀರೆಂದರೆ ಸ್ಟೋವಿನ ಮೇಲೆ ಹಿಮ ಕರಗಿಸಿದ್ದು. ಅಂಥ ನೀರನ್ನು ನಾನು ಲಿಂಗಪೂಜೆಗೆ ಹಾಳು ಮಾಡುತ್ತೇನೆಂದು ಒಂದು ಬೆಳಿಗ್ಗೆ ಶರಣಪ್ಪ ನನ್ನ ತಂಬಿಗೆ ಕಸಿದು ಚಹಾದ ಪಾತ್ರೆಗೆ ಸುರಿದುಬಿಟ್ಟ. ಅಂದಿನಿಂದ ಅವನ ಮುಖ ಕಂಡರೆ ಮೈ ಉರಿಯುತ್ತಿತ್ತು.

ನಾವು ಆರು ಜನ ಮುಂದಿನ ಠಾಣೆಗೆ ಸಾಮಾನು ಒಯ್ಯುವ ದಿನ ಬಂತು. ಇಳಿಜಾರು ದಾಟಬೇಕು. ಹಿಮ ನಿಲ್ಲುತ್ತದೋ ಜಾರುತ್ತದೋ ನೋಡಿ ಹೇಳುವ ಸರದಿ ನನ್ನದು. ಗುಂಡಿ ತೋಡಿ ಪದರ ಪದರ ನೋಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ನಾನು ತೋಡಲಿಲ್ಲ. ನಮ್ಮ ಎರೆ ಹೊಲದಲ್ಲಿ ಮಳೆಯಾದ ಮೇಲೆ ಮೇಲ್ಮಣ್ಣು ಒಣಗಿ ಕಾಲಿನ ಭಾರ ತಡೆದರೆ ಬಂಡಿಯೂ ನಡೆಯುತ್ತದೆ. ಅದೇ ಲೆಕ್ಕದಲ್ಲಿ ಬೂಟಿನಿಂದ ಎರಡು ಸಲ ಒದ್ದೆ, ಕಲ್ಲಿನಂತಿತ್ತು. ಗಟ್ಟಿ ಇದೆ, ದಾಟಬಹುದು ಎಂದು ನಮ್ಮ ತಂಡದ ನಾಯಕರಿಗೆ ಹೇಳಿಬಿಟ್ಟೆ.

ಹೇಳಿದ ಮೇಲೆ ಹೆದರಿಕೆ ಹತ್ತಿತು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆ. ಎದೆಯ ಮೇಲಿನ ಲಿಂಗ ಹಿಡಿದು, "ಯಪ್ಪಾ, ತಪ್ಪಾಗಿದ್ರ ಈಗ್ಲೇ ತಿಳಸು" ಎಂದು ಬೇಡಿಕೊಂಡೆ. ಆಗ ಬೆನ್ನ ಹಿಂದಿನಿಂದ ಶರಣಪ್ಪ ಬಾಯಿ ಮಾಡಿದ.

"ಲೇ ಮಬ್ಬ, ಇದೇನು ನಿಮ್ಮಪ್ಪನ ಎರಿ ಹೊಲ ಅಂದ್ಕೊಂಡಿಯೇನು? ಗಿರಣಿ ಹಿಂದಿನ ಹೊಟ್ಟಿನ ರಾಶಿ ನೋಡಿಲ್ಲೇನು? ಮಳಿ ಬಿದ್ದು ಮ್ಯಾಲ ಗಟ್ಟಿ ಆಗಿರ್ತದ, ಒಳಗ ಪುಡಿಪುಡಿ. ಕಾಲಿಟ್ರ ಇಡೀ ರಾಶಿ ಜಾರ್ತದ. ಅಗದು ನೋಡಲೇ!"

ಎಲ್ಲರೆದುರು ಮಾನ ಹೋಯಿತು. ಅವನ ಹಲ್ಲು ಉದುರಿಸಬೇಕೆನಿಸಿತು. ಅವನ ಮಾತು ಸುಳ್ಳು ಮಾಡುವ ಹಟಕ್ಕೇ ಸಲಿಕೆ ಹಿಡಿದು ಎದೆಮಟ್ಟ ಅಗೆದೆ. ಮೇಲೆ ಗಟ್ಟಿ ಪದರ, ಅದರ ಕೆಳಗೆ ಸಕ್ಕರೆಯಂಥ ಹರಳು, ಮುಷ್ಟಿಯಲ್ಲಿ ಹಿಡಿದರೆ ನಿಲ್ಲದು. ಒಂದು ಕಂಬದಷ್ಟು ಹಿಮ ಬಿಡಿಸಿ, ಅದರ ನೆತ್ತಿಯ ಮೇಲೆ ಸಲಿಕೆ ಇಟ್ಟು ತಟ್ಟಿದೆ. ಮೂರನೇ ಪೆಟ್ಟಿಗೆ ಮೇಲಿನ ಪದರ ಹಾಗೆಯೇ ಜಾರಿ ನನ್ನ ಮೊಣಕಾಲಿಗೆ ಬಿತ್ತು. ನಾಯಕರು ಸುತ್ತುದಾರಿ ಹಿಡಿಸಿದರು. ಬಿಸಿಲೇರುವ ಹೊತ್ತಿಗೆ ನಾವು ಎದುರಿನ ದಿಬ್ಬದ ಮೇಲಿದ್ದೆವು. ಆ ಇಳಿಜಾರು ಧಡಲ್ಲೆಂದು ಬಿರಿದು ಪೂರಾ ಕೆಳಗಿಳಿಯಿತು. ನಾನು ಅಲ್ಲೇ ಕೂತು ಅತ್ತೆ.

ರಜೆಗೆ ಬಂದಾಗ ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿ ಶರಣಪ್ಪನ ಮನೆಗೆ ಹೋದೆ. ಅವನೂ ರಜೆಯ ಮೇಲಿದ್ದ. ಬಾಗಿಲಲ್ಲೇ ನಿಂತು ಕೈ ಮುಗಿದು, "ಅವತ್ತು ನಿನ್ನ ಬಾಯಾಗ ದೇವರು ಮಾತಾಡಿದ್ನೋ" ಅಂದೆ.

"ದೇವರಲ್ಲಲೇ, ನಾನ. ಅವತ್ತು ದಾಟೋ ಸಾಲಿನ್ಯಾಗ ನಿನ್ನ ಹಿಂದ ಇದ್ದಾಂವ ನಾನು. ನನ್ನ ಜೀವದ ಸಲುವಾಗಿ ಬೈದೀನಿ. ನಡಿ ಇಲ್ಲಿಂದ" ಎಂದು ಬಾಗಿಲು ಹಾಕಿಕೊಂಡ.

ಮರಳುವ ಬಸ್ಸಿನಲ್ಲೂ ಸಿಟ್ಟು ಇಳಿದಿರಲಿಲ್ಲ. ಆದರೂ ಹೇಳುತ್ತೇನೆ, ಬೇಡಿದ ಕ್ಷಣವೇ ನನ್ನ ಸ್ವಾಮಿ ಉತ್ತರ ಕೊಟ್ಟ. ಆರು ಮನೆಗಳ ದೀಪ ಉಳಿಸಿದ. ಆ ಪಾದಗಳಿಗೆ ಸಾವಿರ ಶರಣು. ಅಷ್ಟು ಜನರಲ್ಲಿ ನಿನಗೆ ಇವನ ಬಾಯೇ ಯಾಕೆ ಬೇಕಾಯಿತು ಎಂದು ಈಗಲೂ ದಿನಾ ಸ್ವಾಮಿಯನ್ನೇ ಕೇಳುತ್ತೇನೆ. ಅದಕ್ಕೆ ಮಾತ್ರ ಉತ್ತರ ಬಂದಿಲ್ಲ.