ಬೆಟ್ಟ ಹತ್ತದ ಕಂಡಕ್ಟರ್
ಹಜ್ ಯಾತ್ರೆಯ ನಮ್ಮ ಗುಂಪಿನ ಮುಖಂಡರನ್ನು ನಾನು ಮೊದಲು ಕಂಡದ್ದು ಹೋಟೆಲಿನ ಮುಂದೆ ನಿಂತಿದ್ದ ಬಸ್ಸಿನ ಬಾಗಿಲಲ್ಲಿ. ಕಂಕುಳಲ್ಲಿ ಹಳದಿ ಛತ್ರಿ, ಕೊರಳಲ್ಲಿ ವಿಸಲ್, ಒಂದು ಕಾಲು ಮೆಟ್ಟಿಲ ಮೇಲೆ. ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ಅವರು ನನ್ನ ಅಮ್ಮನನ್ನು ಕೈಹಿಡಿದು ಹತ್ತಿಸಿ, “ಒಳಗೆ ನಡೀರಿ, ಹಿಂದೆ ಜಾಗ ಇದೆ” ಎಂದರು. ಹಿಂದೆ ಜಾಗವಿರಲಿಲ್ಲ. ಎಲ್ಲರೂ ಹತ್ತಿದ ಮೇಲೆ “ರೈಟ್ ರೈಟ್” ಎಂದು ಕೂಗುತ್ತಿದ್ದರು. ಅಲ್ಲಿಯ ಡ್ರೈವರಿಗೆ ಅದು ಅರ್ಥವಾಗದಿದ್ದರೂ ಬಸ್ಸು ಹೊರಡುತ್ತಿತ್ತು. ಪುಣ್ಯಸ್ಥಳಗಳನ್ನೂ ಸ್ಟಾಪುಗಳಂತೆಯೇ ಕೂಗುತ್ತಿದ್ದರು. ಯಾರಾದರೂ ದುಆ ಉದ್ದ ಮಾಡಿದರೆ, “ಅಣ್ಣಾ, ಅಲ್ಲಾಹನಿಗೆ ಎಲ್ಲಾ ಗೊತ್ತು, ಚುಟುಕಾಗಿ ಕೇಳ್ಕೊಳ್ಳಿ, ಬಸ್ ಹೊರಡುತ್ತೆ” ಎನ್ನುತ್ತಿದ್ದರು. ಪ್ರವಾದಿಯವರಿಗೆ ಮೊದಲ ವಾಣಿ ಇಳಿದ ಗುಹೆಯ ಬೆಟ್ಟದ ಬಳಿ ಮಾತ್ರ ಅವರಿಗೆ ಅವಸರವೇ ಇರಲಿಲ್ಲ. ಹತ್ತುವವರನ್ನು ಕಳಿಸಿ, ಮಂಡಿನೋವಿನವರನ್ನೆಲ್ಲ ನೆರಳಲ್ಲಿ ಸ್ಟೂಲು ಹಾಕಿ ಕೂರಿಸಿ, ಒಬ್ಬೊಬ್ಬರ ಸ್ಟೂಲನ್ನೂ ಬೆಟ್ಟದ ಕಡೆ ತಿರುಗಿಸಿದರು. ಛತ್ರಿಯ ತುದಿಯಿಂದ ಗುಹೆಯ ದಿಕ್ಕು ತೋರಿಸಿದರು. “ನೀವು ಹತ್ತಲ್ವಾ, ಹಾಜಿ ಸಾಹೇಬ್ರೇ?” ಎಂದು ಕೇಳಿದೆ. “ಒಂದ್ಸಲ ಹತ್ತಿದ್ದೆ. ಹತ್ತಲಾರದ ನಮ್ಮಮ್ಮನ್ನ ಇಲ್ಲೇ ಒಬ್ಬರನ್ನೇ ಕೂರಿಸಿ ಹೋಗಿದ್ದೆ. ಇಳಿದು ಬಂದಾಗ ಬೆಟ್ಟಕ್ಕೆ ಬೆನ್ನು ಹಾಕಿ ಕೂತಿದ್ರು. ಮೇಲೆ ಹೇಗಿತ್ತು ಅಂತ ಸಾಯೋವರೆಗೂ ಕೇಳಲಿಲ್ಲ” ಎಂದವರು ನನ್ನ ಅಮ್ಮನ ಸ್ಟೂಲನ್ನು ಇನ್ನೊಂದಿಷ್ಟು ತಿರುಗಿಸಿದರು. ಈಗಲೂ ಅವರು ಪ್ರತಿ ವರ್ಷ ಗುಂಪು ಕರೆದೊಯ್ಯುತ್ತಾರೆ. ಆ ಬೆಟ್ಟದ ಬುಡದಲ್ಲಿ, ಹತ್ತಲಾರದವರ ಜೊತೆ ಕೂರುತ್ತಾರೆ.