ಕ್ಲೋದೀನ್ ಅವರ ಕೊನೆಯ ಟೇಪು

ಅಶರೀರವಾಣಿ, ದೆವ್ವ ಇಂಥವನ್ನೆಲ್ಲ ನಂಬಿದವನಲ್ಲ ನಾನು. ಧ್ವನಿಮುದ್ರಣ ನನ್ನ ಕಸುಬು. ಟೇಪಿನಲ್ಲಿ ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಎಲ್ಲಿಯದೋ ರೇಡಿಯೋ ತಂತಿಯೊಳಗೆ ನುಗ್ಗಿರುತ್ತದೆ, ಇಲ್ಲವೇ ಹಳೆಯ ಮುದ್ರಣ ಪೂರ್ತಿ ಅಳಿಸಿರುವುದಿಲ್ಲ ಎಂದು ನಗುತ್ತಿದ್ದೆ. ಬೇರೆಯವರ ವಿಷಯದಲ್ಲಿ ಈಗಲೂ ಹಾಗೇ ಹೇಳುತ್ತೇನೆ. ನನ್ನದೇ ವಿಷಯಕ್ಕೆ ಬಂದರೆ ಬಾಯಿ ಕಟ್ಟುತ್ತದೆ.

ಇಂಟರ್ನೆಟ್ಟನ್ನೇ ನಂಬಿ ಎದ್ದ ಡಾಟ್ ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗುವುದಕ್ಕೆ ಮುಂಚಿನ ಚಳಿಗಾಲ. ಅಮೆರಿಕದ ಸ್ಯಾನ್ ಮಟಿಯೋ ಊರಿನ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಹಳೆಯ ಟೇಪುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಇಂಟರ್ನೆಟ್ಟಿನಲ್ಲಿ ಕೇಳಿಸುವುದು ನಮ್ಮ ಉದ್ಯೋಗ. ಒಂದು ಮಧ್ಯಾಹ್ನ ಕ್ಲೋದೀನ್ ಎಂಬ ಫ್ರೆಂಚ್ ಹೆಂಗಸು ತಗಡಿನ ಡಬ್ಬಿಯಲ್ಲಿ ಒಂದು ಟೇಪು ತಂದರು. ಅರವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು.

ಅವರು ಬಂದರಿನ ಊರೊಂದರಲ್ಲಿ ಬ್ರೆಡ್ಡು ಮಾಡುವವನ ಮಗಳು. ಹದಿನೇಳಕ್ಕೇ ರೇಡಿಯೋದಲ್ಲಿ ಹಾಡಿ ಮನೆಮಾತಾದವರು. ಗಂಡಸರು ಬರೆದುಕೊಟ್ಟದ್ದನ್ನು ಹುಡುಗಿಯರು ಹಾಡುತ್ತಿದ್ದ ಕಾಲದಲ್ಲಿ ತಮ್ಮ ಹಾಡು ತಾವೇ ಬರೆದರು. ರಾಗಕ್ಕೆ ಪಿಯಾನೋ ಕೂಡಿಸುತ್ತಿದ್ದವನು ಅವರ ತಮ್ಮ ಲ್ಯೂಕ್. ಹದಿನೈದು ವರ್ಷ ಇಬ್ಬರೂ ಊರೂರು ಸುತ್ತಿದರು. ಆಮೇಲೆ ಒಂದು ದಿನ ಕ್ಲೋದೀನ್ ಹಾಡುವುದನ್ನು ನಿಲ್ಲಿಸಿಬಿಟ್ಟರು. ಅಮೆರಿಕದವರೊಬ್ಬರನ್ನು ಮದುವೆಯಾಗಿ ನಮ್ಮೂರಿಗೆ ಹತ್ತಿರದ ವಾಲ್ನಟ್ ಕ್ರೀಕ್‌ಗೆ ಬಂದು ಸ್ಕೂಲಿನಲ್ಲಿ ಫ್ರೆಂಚ್ ಹೇಳಿಕೊಟ್ಟರು. ಡಬ್ಬಿಯಲ್ಲಿದ್ದದ್ದು ಆ ಕೊನೆಯ ದಿನದ ಮುದ್ರಣ. ಇಪ್ಪತ್ತೈದು ವರ್ಷದಿಂದ ಅವರು ಅದನ್ನು ಕೇಳಿರಲಿಲ್ಲ.

ಟೇಪಿನ ಲೇಪವೆಲ್ಲ ಅಂಟಂಟಾಗಿತ್ತು. ಹದವಾದ ಬಿಸಿಯಲ್ಲಿ ಒಂದು ರಾತ್ರಿ ಇಟ್ಟು ಒಣಗಿಸಿದೆ. ಹಾಗೆ ಮಾಡಿದರೂ ಅದು ಒಂದು ಸಲ, ಹೆಚ್ಚೆಂದರೆ ಎರಡು ಸಲ ನುಡಿಯಬಹುದಿತ್ತು. ಅದನ್ನು ಹೇಳಿದಾಗ ಅವರು, "ಹಾಗಾದರೆ ನಾನೂ ಪಕ್ಕದಲ್ಲಿ ಕೂರುತ್ತೇನೆ" ಎಂದರು.

ಮಾರನೆಯ ಮಧ್ಯಾಹ್ನ ಇಬ್ಬರೂ ಹೆಡ್‌ಫೋನು ಹಾಕಿಕೊಂಡು ಕೂತೆವು. ನಾನು ಕಂಪ್ಯೂಟರಿನಲ್ಲಿ ರೆಕಾರ್ಡಿಂಗು ಶುರುಮಾಡಿ ಟೇಪು ಓಡಿಸಿದೆ. ಎಳೆಯ, ತುಸು ಒಡಕಿನ ದನಿ. ಭಾಷೆ ತಿಳಿಯದಿದ್ದರೂ ಎದೆಗೆ ನೇರವಾಗಿ ಬರುತ್ತಿತ್ತು. ಆದರೆ ನನ್ನ ಕಣ್ಣು ಟೇಪಿನ ಮೇಲೇ ಇತ್ತು. ಅದು ಯಂತ್ರಕ್ಕೆ ಉಜ್ಜಿಕೊಂಡು ಹಾಯುವಲ್ಲಿ ಲೇಪ ಕಂದು ಪುಡಿಯಾಗಿ ಉದುರಿ ಗುಪ್ಪೆಯಾಗುತ್ತಿತ್ತು. ಯಾವ ಕ್ಷಣದಲ್ಲಿ ಟೇಪು ಹರಿಯುತ್ತದೋ ಎಂದು ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ.

ನಾಲ್ಕನೆಯ ಹಾಡಿನ ನಡುವೆ ಅವರ ದನಿ ತಟ್ಟನೆ ನಿಂತಿತು. ಒಂದೆರಡು ಕ್ಷಣ ಬರೀ ಮೌನ. ಆಮೇಲೆ ನನ್ನ ಕಿವಿಯ ಪಕ್ಕದಲ್ಲೇ ನಿಂತ ಹಾಗೆ ಒಬ್ಬ ಗಂಡಸು ಹೇಳಿದ: "ಬಾಗ್ಲು ತೆಗೀರಿ. ಬೇಗ ಬಾಗ್ಲು ತೆಗೀರಿ."

ಕನ್ನಡ. ಅದೂ ನಮ್ಮ ಮೈಸೂರು ಕಡೆಯ ಕನ್ನಡ. ನಾನು ಪಕ್ಕಕ್ಕೆ ತಿರುಗಿದೆ. ಕ್ಲೋದೀನ್ ನನ್ನ ತೋಳನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಿದ್ದರು.

"ನಿಮಗೂ ಕೇಳಿಸಿತಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಮಾತನ್ನು ತಾವೇ ಹೇಳಿ ತೋರಿಸಿದರು. "ಬಾಗ್ಲೂ ತೆಗಿರೀ. ಬೇಗ. ಅವತ್ತು ಹೀಗೇ ಕೇಳಿಸಿದ್ದು. ಕಂಡಕಂಡವರನ್ನು ಕೇಳಿದ್ದೇನೆ, ಅರಬರನ್ನು, ತುರ್ಕರನ್ನು, ವಿಯೆಟ್ನಾಮಿನವರನ್ನು. ಯಾರಿಗೂ ತಿಳಿಯಲಿಲ್ಲ. ಯಾವ ಭಾಷೆ ಇದು?"

ಗಂಟಲವರೆಗೆ ಬಂದ ಉತ್ತರವನ್ನು ತಡೆದು, "ಅವತ್ತು ಏನಾಯಿತು?" ಎಂದೆ.

ಅವರು ಹೇಳಿದ್ದು ಇಷ್ಟು: ಚಳಿಯ ದಿನ. ಹಿಂದಿನ ದಿನವೆಲ್ಲ ನುಡಿಸಿ ದಣಿದಿದ್ದ ಲ್ಯೂಕ್ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಗ್ಯಾಸ್ ಹೀಟರು ಹಚ್ಚಿಕೊಂಡು ಮಲಗಿದ್ದ. ಉಳಿದವರು ಮುದ್ರಣಕ್ಕೆ ನಿಂತರು. ನಡುವೆ ಆ ದನಿ ಎಲ್ಲರ ಹೆಡ್‌ಫೋನಿನಲ್ಲೂ ಬಂತು. ಯಾವುದೋ ರೇಡಿಯೋ ಸಿಕ್ಕಿಕೊಂಡಿತೆಂದು ನಕ್ಕರು. ಮತ್ತೊಂದು ಗಂಟೆ ಹಾಡಿದರು. ಕೆಲಸ ಮುಗಿಸಿ ಎಬ್ಬಿಸಲು ಹೋದಾಗ ಮುಚ್ಚಿದ ಕೋಣೆಯೊಳಗೆ ಹೀಟರಿನ ಹೊಗೆಯಿಂದ ಲ್ಯೂಕ್ ಸತ್ತಿದ್ದ.

"ಅವತ್ತು ಇದ್ದವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಆ ದನಿ ಏನು ಹೇಳಿತು ಅಂತ ತಿಳಿಯದೆ ಹೋಗಬಾರದು" ಎಂದರು.

ನಾನು ಅವರ ಮುಖ ನೋಡಿದೆ. "ನನಗೆ ಗೊತ್ತಿಲ್ಲದ ಭಾಷೆ" ಎಂದುಬಿಟ್ಟೆ.

ಅವರು ತಲೆಯಾಡಿಸಿ ಕೋಟು ಹಾಕಿಕೊಂಡು ಹೊರಟರು. ಕಂಪ್ಯೂಟರಿನಲ್ಲಿ ಆ ಜಾಗವನ್ನು ಹುಡುಕಿದೆ. ಹಾಡು ನಿಲ್ಲುವುದೂ ಇತ್ತು, ಮತ್ತೆ ಶುರುವಾಗುವುದೂ ಇತ್ತು. ನಡುವೆ ಟೇಪಿನ ಸಣ್ಣ ಸುಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇರಲಿಲ್ಲ. ದನಿ ಜೋರು ಮಾಡಿದೆ, ತಂತಿ ಬದಲಿಸಿದೆ. ಕೊನೆಗೆ ಧೈರ್ಯ ಮಾಡಿ ಟೇಪನ್ನೇ ಇನ್ನೊಮ್ಮೆ ಓಡಿಸಿದೆ. ಲೇಪ ಪಟ್ಟಿಪಟ್ಟಿಯಾಗಿ ಎದ್ದುಬಂತು. ಏನೂ ಕೇಳಿಸಲಿಲ್ಲ.

ಸಂಜೆ ಕೊಲ್ಲಿಯಾಚೆಯ ನೆವಾರ್ಕಿನ ಅಪಾರ್ಟ್‌ಮೆಂಟಿಗೆ ಬಂದು ಹೆಂಡತಿ ವನಜಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮಂಡ್ಯದವಳು, ಮಾತು ನೇರ.

"ಕೆಲಸ ಜಾಸ್ತಿ ಆಗಿ ತಲೆ ಕೆಟ್ಟಿದೆ ಅಂತೀಯಾ?" ಎಂದೆ.

"ನಿಮ್ಮ ತಲೆ ಕೆಟ್ಟಿದೆ ಅಂತಾನೇ ಇಟ್ಕೊಳ್ಳಿ, ಆ ಯಮ್ಮನ ಬಾಯಲ್ಲಿ ನಮ್ಮ ಮಾತು ಹೆಂಗ್ರೀ ಬರುತ್ತೆ? ಅದು ಬಿಡಿ, ಸುಳ್ಳು ಯಾಕೆ ಹೇಳಿದ್ರಿ?"

"ಹೇಳಿದ್ರೆ ಅವ್ರು ತಡ್ಕೊಳ್ತಾರೇನೇ? ಬಾಗಿಲು ತೆಗೆದಿದ್ರೆ ತಮ್ಮ ಬದುಕ್ತಿದ್ದ ಅಂತ ಆಗಲ್ವಾ?"

"ಇಪ್ಪತ್ತೈದು ವರ್ಷ ಒಂದೊಂದಕ್ಷರ ಬಾಯಲ್ಲಿಟ್ಕೊಂಡು ತಿರುಗಿದಾರೆ. ಅದಕ್ಕಿಂತ ಭಾರನಾ? ಶನಿವಾರ ಹೋಗಿ ಹೇಳ್ಬಿಟ್ಟು ಬನ್ನಿ."

ಶನಿವಾರ ಅವರ ಮನೆಗೆ ಹೋಗುವಾಗ ಹೆದ್ದಾರಿಯಲ್ಲಿ ಎರಡು ಸಲ ವಾಪಸು ತಿರುಗೋಣ ಎನ್ನಿಸಿತು. ಕ್ಲೋದೀನ್ ಬಾಗಿಲಲ್ಲೇ ನನ್ನ ಮುಖ ಓದಿದರು. ಒಳಗೆ ಕೂರಿಸಿ, "ನಿಮಗೆ ಗೊತ್ತಿತ್ತು" ಎಂದರು.

"ಅದು ನನ್ನ ಮನೆಮಾತು. 'ಬಾಗಿಲು ತೆರೆಯಿರಿ, ಬೇಗ ತೆರೆಯಿರಿ' ಎಂದು ಅರ್ಥ."

ಅವರು ಅಳಲಿಲ್ಲ. ನಿಧಾನವಾಗಿ ಹೇಳಿದರು: "ಲ್ಯೂಕ್ ಮಲಗಿದ್ದ ಕೋಣೆಯ ಬಾಗಿಲು ಮುಚ್ಚಿ ನಿಲ್ಲುತ್ತಿರಲಿಲ್ಲ. ತಾನಾಗಿ ತೆರೆದುಕೊಂಡು ಕಿರ್ರೆನ್ನುತ್ತಿತ್ತು. ಮುದ್ರಣ ಕೆಡುತ್ತದೆಂದು ನಾನೇ ಹೊರಗಿನಿಂದ ಬೀಗ ಹಾಕಿದ್ದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಇದನ್ನು ನನ್ನ ಗಂಡನಿಗೂ ಹೇಳಿಲ್ಲ."

ನಾನು ಮುದ್ರಣದಲ್ಲಿ ಆ ದನಿ ಉಳಿದಿಲ್ಲ ಎಂಬುದನ್ನೂ ತಿಳಿಸಿದೆ. ಅವರಿಗೆ ಅದು ಆಶ್ಚರ್ಯವೆನಿಸಲಿಲ್ಲ. ಹಾಡುಗಳ ಸಿ.ಡಿ. ಮಾಡುವಾಗ ಆ ಖಾಲಿ ಜಾಗವನ್ನು ಕತ್ತರಿಸಬೇಡಿ ಎಂದು ಮಾತ್ರ ಕೇಳಿಕೊಂಡರು. ಹಾಗೇ ಮಾಡಿಕೊಟ್ಟೆ. ಮತ್ತೆ ಅವರನ್ನು ನೋಡಲಿಲ್ಲ.

ಇಷ್ಟು ವರ್ಷದಲ್ಲಿ ನನ್ನ ಕಸುಬಿನವರು ಕೊಡಬಹುದಾದ ಕಾರಣಗಳನ್ನೆಲ್ಲ ನಾನೇ ಕೊಟ್ಟುಕೊಂಡಿದ್ದೇನೆ. ರೇಡಿಯೋ ಆಗಿದ್ದರೆ ಟೇಪಿನಲ್ಲಿ ಉಳಿಯಬೇಕಿತ್ತು. ನನ್ನ ಭ್ರಮೆಯಾಗಿದ್ದರೆ ಆ ಶಬ್ದಗಳು ಅವರ ಬಾಯಲ್ಲಿ ಬರಬಾರದಿತ್ತು. ಅದಕ್ಕಿಂತ ಹೆಚ್ಚಾಗಿ ಕಾಡುವುದು ಇದು: ಒಂದು ಜೀವ ಉಳಿಸಲೆಂದೇ ಬಂದ ದನಿಯಾಗಿದ್ದರೆ, ಅಲ್ಲಿದ್ದ ಒಬ್ಬರಿಗೂ ತಿಳಿಯದ ಭಾಷೆಯಲ್ಲಿ ಅದು ಯಾಕೆ ಕೂಗಿತು?